ಬ್ಯಾರಿವಾಕ್ಸ್ ಬೀಕನ್: ಯಂತ್ರ ಗಟ್ಟಿ, ಸೆಲ್ ಕಡೆ ಕಣ್ಣಿರಲಿ

ನಂದಿಬೆಟ್ಟ, ಸ್ಕಂದಗಿರಿ ಹತ್ತಿ ಕಾಲು ಪಳಗಿಸಿಕೊಂಡ ಚಿಕ್ಕಬಳ್ಳಾಪುರದ ಹುಡುಗರು ಈಗ ಚಳಿಗಾಲಕ್ಕೆ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಹೋಗುವುದುಂಟು. ಅಲ್ಲಿ ಗುರುತು ಹಾಕಿದ ಜಾಡು ಬಿಟ್ಟು ಇಳಿಯುವುದಾದರೆ ಒಬ್ಬೊಬ್ಬರಿಗೂ ಒಂದು ಬೀಕನ್ (ಹಿಮ ಕುಸಿದು ಹೂತುಹೋದವರನ್ನು ರೇಡಿಯೋ ಸಂಕೇತದಿಂದ ಪತ್ತೆಹಚ್ಚುವ ಯಂತ್ರ), ಹಿಮದೊಳಗೆ ಚುಚ್ಚಿ ಹುಡುಕುವ ಪ್ರೋಬ್ ಕೋಲು, ಸಲಿಕೆ ಇರಲೇಬೇಕು.

ಮ್ಯಾಮುಟ್ ಕಂಪನಿ 2017ರಲ್ಲಿ ತಂದ ಬ್ಯಾರಿವಾಕ್ಸ್ ಹೊಸಬರಿಗೆ ಒಳ್ಳೆಯ ಆಯ್ಕೆ. ಮೂರು ಆಂಟೆನಾ, 70 ಮೀಟರ್ ಅಗಲದ ಹುಡುಕಾಟದ ಪಟ್ಟಿ (ಒಮ್ಮೆ ಹಾಯುವಾಗ ಹುಡುಕಬಹುದಾದ ಜಾಗ), ಗ್ಲೌಸ್ ಹಾಕಿಕೊಂಡೇ ತಿರುಗಿಸಬಹುದಾದ ಸ್ವಿಚ್. ಎಲ್ಲ ಕಂಪನಿಯ ಬೀಕನ್‌ಗಳೂ 457 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡುವುದರಿಂದ ಜೊತೆಗಾರರ ಹತ್ತಿರ ಬೇರೆ ಕಂಪನಿಯದ್ದಿದ್ದರೂ ತೊಂದರೆಯಿಲ್ಲ.

ಕೈಕೊಡುವುದು ಹೆಚ್ಚಾಗಿ ಸೆಲ್. ಇದಕ್ಕೆ ಬೇಕಾದದ್ದು ಮೂರು ಟ್ರಿಪಲ್-ಎ ಆಲ್ಕಲೈನ್. ಹೊಸ ಸೆಲ್‌ಗೆ ಸೆಂಡ್ ಮೋಡ್‌ನಲ್ಲಿ (ಸಂಕೇತ ಕಳಿಸುತ್ತಲೇ ಇರುವ ಸ್ಥಿತಿ) ಸುಮಾರು 300 ಗಂಟೆ ಎನ್ನುತ್ತದೆ ಕಂಪನಿ. ಆದರೆ ಹೂತವರ ಸಂಕೇತ ಹುಡುಕುವ ಸರ್ಚ್ ಮೋಡ್ ಹೆಚ್ಚು ಕರೆಂಟ್ ಎಳೆಯುತ್ತದೆ, ಚಳಿಯಲ್ಲಿ ಆಲ್ಕಲೈನ್ ಸೆಲ್‌ನ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಆನ್ ಮಾಡಿದಾಗ ಪರದೆ ಶೇ. 60ಕ್ಕಿಂತ ಕಡಿಮೆ ತೋರಿಸಿದರೆ ಮೂರನ್ನೂ ಒಟ್ಟಿಗೇ ಬದಲಿಸಿ. ಹಳೆಯದಕ್ಕೆ ಹೊಸದು ಬೆರೆಸಬೇಡಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್-ಕಾರ್ಬನ್ ಸೆಲ್, ಕ್ಯಾಮೆರಾದ ರೀಚಾರ್ಜ್ ಸೆಲ್ ಎರಡೂ ಬೇಡ. ರೀಚಾರ್ಜ್ ಸೆಲ್‌ನ ವೋಲ್ಟೇಜ್ 1.2 ಮಾತ್ರ, ಹಾಗಾಗಿ ಪರದೆಯ ಶೇಕಡಾ ಲೆಕ್ಕವೇ ತಪ್ಪುತ್ತದೆ.

ನಮ್ಮ ಬಯಲುಸೀಮೆಯವರಿಗೆ ಇನ್ನೊಂದು ತೊಡಕಿದೆ. ಬೀಕನ್ ವರ್ಷದಲ್ಲಿ ಹತ್ತು ತಿಂಗಳು ಬೀರುವಿನಲ್ಲೇ ಮಲಗಿರುತ್ತದೆ. ಏಪ್ರಿಲ್ ಬಿಸಿಲಿಗೆ ಒಳಗಿನ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ-ಹಸಿರು ಕಿಲುಬು ಕಟ್ಟುತ್ತದೆ. ಊರಿಗೆ ಬಂದ ದಿನವೇ ಸೆಲ್ ತೆಗೆದಿಡಿ. ಕಿಲುಬು ಕಂಡರೆ ಚಾಕುವಿನಿಂದ ಕೆರೆಯದೆ ಸರ್ವಿಸ್‌ಗೆ ಕಳಿಸಿ. ಒಂದು ಜೀವ ಈ ಸ್ಪ್ರಿಂಗ್‌ನ ಮೇಲೆ ನಿಂತಿರುತ್ತದೆ.

ಅಭ್ಯಾಸಕ್ಕೆ ಹಿಮವೇ ಬೇಕೆಂದಿಲ್ಲ. ಡಿಸೆಂಬರ್‌ನಲ್ಲಿ ಕೊಯ್ಲಾದ ರಾಗಿ ಹೊಲ ಸಾಕು. ಒಂದು ಬೀಕನ್ ಸೆಂಡ್‌ನಲ್ಲಿಟ್ಟು ಗೋಣಿಚೀಲಕ್ಕೆ ಹಾಕಿ, ಹುಲ್ಲಿನಡಿ ಬಚ್ಚಿಟ್ಟು ಹುಡುಕಿ. ಬೋರ್‌ವೆಲ್ ಮೋಟರ್, ಟ್ರಾನ್ಸ್‌ಫಾರ್ಮರ್, ಕರೆಂಟ್ ತಂತಿಯಿಂದ ದೂರವಿರಲಿ, ಇಲ್ಲದಿದ್ದರೆ ಪರದೆಯ ಬಾಣದ ಗುರುತು ಸುಳ್ಳು ದಿಕ್ಕು ತೋರಿಸುತ್ತದೆ. ಮೊಬೈಲ್‌ಗೂ ಇದೇ ಮಾತು: ಸೆಂಡ್‌ನಲ್ಲಿದ್ದಾಗ 20, ಹುಡುಕುವಾಗ 50 ಸೆಂಟಿಮೀಟರ್ ಅಂತರ ಬೇಕು. ಸ್ಮಾರ್ಟ್‌ವಾಚ್, ಬಿಸಿಯಾಗುವ ಗ್ಲೌಸ್ ಕೂಡ ಹಾಗೆಯೇ.

ಬೆಟ್ಟದ ಮೇಲೆ ಪ್ರತಿ ಬೆಳಿಗ್ಗೆ ಗುಂಪು ತಪಾಸಣೆ ಆಗಬೇಕು. ಮುಂದಾಳು ತನ್ನ ಬೀಕನ್ ಅನ್ನು ಇತರರ ಬೀಕನ್ ಸಂಕೇತ ಕಳಿಸುತ್ತಿದೆಯೇ ಎಂದು ನೋಡುವ ಗ್ರೂಪ್ ಚೆಕ್ ಮೋಡ್‌ಗೆ ಹಾಕಿಕೊಂಡು ನಿಲ್ಲಲಿ, ಉಳಿದವರು ಐದಾರು ಮೀಟರ್ ಬಿಟ್ಟು ಒಬ್ಬೊಬ್ಬರಾಗಿ ಅವನೆದುರು ಹಾಯಲಿ. ಕೊನೆಗೆ ಮುಂದಾಳು ಸೆಂಡ್‌ಗೆ ಬಂದದ್ದನ್ನು ಇನ್ನೊಬ್ಬ ನೋಡಬೇಕು. ಎಲ್ಲರೂ ಮರೆಯುವುದು ಇದನ್ನೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೀಪ್ಸ್ ಕಂಪನಿಯ ಬೀಕನ್‌ಗಳಾದ ಡಿಎಸ್‌ಪಿ ಸ್ಪೋರ್ಟ್, ಡಿಎಸ್‌ಪಿ ಪ್ರೊ ಸಿಕ್ಕರೆ ಎಚ್ಚರ. ಸ್ವಿಚ್ ತಾನಾಗಿ ಸೆಂಡ್‌ನಿಂದ ಜಾರಬಹುದೆಂದು 2021ರಲ್ಲಿ ಅವುಗಳಿಗೆ ಹೊಸ ಗಟ್ಟಿ ಕವಚ ಉಚಿತವಾಗಿ ಕೊಡಲಾಯಿತು. ಆ ಕವಚವಿಲ್ಲದ್ದನ್ನು ತೆಗೆದುಕೊಳ್ಳಬೇಡಿ.