ಗಟ್ ತಂತಿ ಮೊದಲೋ, ಹಳೆ ಕಮಾನು ಮೊದಲೋ? ಒಂದೇ ಹೈಡನ್, ಮೂರು ಪ್ರಯೋಗ

ಹದಿನೆಂಟನೇ ಶತಮಾನದ ಆಸ್ಟ್ರಿಯಾದ ಸಂಗೀತ ರಚನೆಕಾರ ಹೈಡನ್‌ನ ಕ್ವಾರ್ಟೆಟ್‌ಗಳನ್ನು (ಎರಡು ವಯಲಿನ್, ಅದಕ್ಕಿಂತ ದೊಡ್ಡ ವಿಯೋಲಾ, ಇನ್ನೂ ದೊಡ್ಡ ಚೆಲ್ಲೋ ಸೇರಿ ನುಡಿಸುವ ಕೃತಿಗಳು) ಅವನ ಕಾಲದ ರೀತಿಯಲ್ಲೇ ನುಡಿಸಬೇಕು ಅಂತ ಆಸೆಪಟ್ಟವರು ಸಾಮಾನ್ಯವಾಗಿ ಮೊದಲು ಗಟ್ ತಂತಿ, ಅಂದರೆ ಕರುಳಿನ ತಂತಿ, ಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದೆ. ಈಗ ಯಾರಾದರೂ ಕೇಳಿದರೆ, ಮೊದಲು ಕಮಾನು ಬದಲಾಯಿಸಿ ಅಂತೀನಿ.

ನಮ್ಮದು ನಾಲ್ಕು ಜನರ ಹವ್ಯಾಸಿ ಗುಂಪು, ನಾನು ಎರಡನೇ ವಯಲಿನ್. 1781ರ ಓಪಸ್ 33 ಅನ್ನೋ ಕ್ವಾರ್ಟೆಟ್ ಗುಚ್ಛದಲ್ಲಿ ಮೂರನೆಯದು, 'ಬರ್ಡ್' ಅಂತ ಕರೀತಾರಲ್ಲ, ಅದರ ಮೊದಲ ಭಾಗವನ್ನೇ ಮೂರು ತರ ನುಡಿಸಿ ನೋಡಿದೆವು. ಶುರುವಿನಲ್ಲಿ ನಾನೂ ವಿಯೋಲಾ ನುಡಿಸುವವರೂ ಒಂದೊಂದೇ ಸ್ವರ ಹಿಡಿದು ಕಮಾನಿನಲ್ಲೇ ಮೆಲ್ಲಗೆ ಮತ್ತೆ ಮತ್ತೆ ಮಿಡಿಯುತ್ತಿರಬೇಕು, ಅದರ ಮೇಲೆ ಮೊದಲ ವಯಲಿನ್ ಹಕ್ಕಿಯ ಹಾಗೆ ಚಿಲಿಪಿಲಿ ಮಾಡುತ್ತದೆ.

ಮೊದಲು ಇವತ್ತಿನ ತಂತಿ, ಇವತ್ತಿನ ಕಮಾನು. ದನಿ ಶುದ್ಧವಾಗಿತ್ತು, ಶ್ರುತಿ ಅಲುಗಲಿಲ್ಲ. ಆದರೆ ಈ ಕಮಾನು ಉದ್ದನೆಯ ಸ್ವರವನ್ನು ತುದಿತನಕ ಒಂದೇ ಸಮ ಎಳೆಯೋಕೆ ಹೇಳಿಮಾಡಿಸಿದ್ದು. ನನ್ನ ಪುಟ್ಟ ಸ್ವರಗಳೆಲ್ಲ ಒಂದಕ್ಕೊಂದು ಅಂಟಿಕೊಂಡವು. ಅವನ್ನು ಬಿಡಿಸೋಕೆ ತೋಳನ್ನು ಬಿಗಿಹಿಡಿದು ಹಿಡಿದು ಭುಜ ನೋವು ಬಂತು.

ಆಮೇಲೆ ಅದೇ ಕಮಾನು, ಗಟ್ ತಂತಿ. ಕುರಿ ಕರುಳಿನ ತಂತಿಗೆ ಒಂದು ತರಿತರಿ ಇದೆ, ಮಾತಾಡುವ ಗಂಟಲಿನ ಹಾಗೆ. ಅದು ನನಗೆ ತುಂಬ ಇಷ್ಟವಾಯಿತು. ಆದರೆ ಕಮಾನು ಸ್ವಲ್ಪ ಒತ್ತಿದರೂ ಕೀರಲು. ಹತ್ತು ನಿಮಿಷಕ್ಕೊಮ್ಮೆ ಬಿರಡೆ ತಿರುಗಿಸಬೇಕು. ಎರಡನೇ ವಾರ, ಹೀಟರ್ ಹಾಕಿದ ಕೋಣೆಯಲ್ಲಿ ಎಲ್ಲಕ್ಕಿಂತ ತೆಳುವಾದ ಇ ತಂತಿ ಪಟ್ಟಂತ ಕಿತ್ತುಹೋಯಿತು. ತಂತಿ ಸವೆದಲ್ಲಿ ಸಣ್ಣ ನಾರು ಎದ್ದು ನಿಲ್ಲುತ್ತದೆ, ಅದನ್ನು ಎಳೆಯಬಾರದು, ನೇಲ್ ಕಟರ್‌ನಲ್ಲಿ ಬುಡದಲ್ಲೇ ಕತ್ತರಿಸಬೇಕು.

ಮೂರನೇ ಸಲ ತಂತಿ ಮಾಮೂಲಿನದ್ದೇ, ಕಮಾನು ಮಾತ್ರ ಹೈಡನ್ ಕಾಲದ ಹಳೇ ಮಾದರಿಯದ್ದು. ವಾದ್ಯ ಮಾಡುವವರೊಬ್ಬರು ಒಂದು ತಿಂಗಳಿಗೆ ಕೊಟ್ಟಿದ್ದರು. ಕೈಗೆ ತೆಗೆದುಕೊಂಡ ಕೂಡಲೇ ಹಗುರ ಅನಿಸಿತು. ಸ್ವರ ಹುಟ್ಟುತ್ತದೆ, ತಾನಾಗೇ ಕರಗುತ್ತದೆ, ಮುಂದಿನದಕ್ಕೆ ಜಾಗ ಬಿಡುತ್ತದೆ. ನಾನು ಏನೂ ಮಾಡದೆ ಆ ಮಿಡಿತಕ್ಕೆ ಉಸಿರು ಬಂತು, ಮೊದಲ ವಯಲಿನ್‌ನವರು ಒತ್ತಿ ನುಡಿಸೋದನ್ನೇ ಬಿಟ್ಟರು. ಇಷ್ಟು ದಿನ ನನ್ನ ತೋಳಿನದ್ದು ಅಂದುಕೊಂಡಿದ್ದ ತಪ್ಪು ಅರ್ಧಕ್ಕರ್ಧ ಕಮಾನಿನ ಕಡ್ಡಿಯದ್ದೇ ಆಗಿತ್ತು!

ಶ್ರುತಿಯನ್ನೂ (ಎ ಸ್ವರದ ಕಂಪನ, ಸೆಕೆಂಡಿಗೆ ಇಷ್ಟು ಸಲ ಅಂತ ಲೆಕ್ಕ) 440ರಿಂದ 430ಕ್ಕೆ ಇಳಿಸಿ ನೋಡಿದೆವು. ವ್ಯತ್ಯಾಸ ಅರ್ಧ ಮನೆಯಷ್ಟೂ ಇಲ್ಲ. ಆದರೂ ಸ್ವರ ಕೇಳಿದ ಕೂಡಲೇ ಹೆಸರು ಹೇಳುವ ಕಿವಿಯ ಚೆಲ್ಲೋದವರಿಗೆ ಬಹಳ ಕಷ್ಟವಾಯಿತು. ನನಗೆ ಆಗಲಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದು ಕರ್ನಾಟಕ ಸಂಗೀತ, ಹಾಡುವವರ ಶ್ರುತಿಗೆ ತಂತಿ ಹೊಂದಿಸೋದು ಅಭ್ಯಾಸ ಅಲ್ವಾ. ವಯಲಿನ್ ಮೇಲೆ ಗದ್ದ ಆನಿಸುವ ಪಟ್ಟಿ ತೆಗೆದು ನುಡಿಸೋದು ಮಾತ್ರ ಕೈಗೆ ಬರಲಿಲ್ಲ. ಆ ಪಟ್ಟಿ ಜರ್ಮನ್ ವಯಲಿನ್ ವಾದಕ ಸ್ಪೋರ್ 1820ರ ಸುಮಾರಿಗೆ ತಂದದ್ದು, ಹೈಡನ್ ಕಾಲದಲ್ಲಿ ಇರಲಿಲ್ಲ. ಕರ್ನಾಟಕ ಸಂಗೀತದ ಹಾಗೆ ನೆಲದ ಮೇಲೆ ಕೂತು ಪಾದಕ್ಕೆ ಆನಿಸಿದರೆ ವಯಲಿನ್ ಅಲುಗೋದಿಲ್ಲ, ಇಲ್ಲಿ ಕುರ್ಚಿಯಲ್ಲಿ ಕೂತು ಎಡಗೈ ಕೆಳಗಿಳಿಸುವಾಗ ಜಾರುತ್ತದೆ.

ಈಗ ಹಳೇ ಮಾದರಿಯ ಕಮಾನು ಕೊಂಡಿದ್ದೇನೆ. ಕೆಳಗಿನ ಮೂರು ತಂತಿ ಗಟ್, ಇ ಮಾತ್ರ ಸ್ಟೀಲ್. ಹೈಡನ್ ಕಾಲಕ್ಕೆ ಸ್ಟೀಲ್ ಸರಿಹೊಂದೋದಿಲ್ಲ ಅಂತ ಗೊತ್ತು, ಆದರೆ ಕಛೇರಿ ನಡುವೆ ತಂತಿ ಕಿತ್ತರೆ ಉಳಿದ ಮೂವರೂ ನಿಲ್ಲಿಸಬೇಕಾಗುತ್ತದೆ.