ಹಳೇ ರೆಕಾರ್ಡ್ ಪ್ಲೇಯರ್ ‘ಟ್ಯೂನಿಂಗ್’ಗೆ ಕೊಡುವ ಮುಂಚೆ ಇದನ್ನು ಓದಿ

ರಾಯಚೂರು, ಮಾನ್ವಿ, ಸಿಂಧನೂರು ಕಡೆ ಯಾರ ಮನೆಯಲ್ಲಾದರೂ ಹಳೇ ರೆಕಾರ್ಡ್ ಪ್ಲೇಯರ್ ಇದ್ದರೆ ದಯವಿಟ್ಟು ಓದಿ. ಬರೆಯುವಾಗಲೂ ನನ್ನ ಹೊಟ್ಟೆ ಉರಿಯುತ್ತಿದೆ.

ನಮ್ಮಪ್ಪನ ಪ್ಲೇಯರ್ ಗ್ಯಾರಾರ್ಡ್ ಎಸ್‌ಪಿ 25. ಹೈದರಾಬಾದಿನಲ್ಲಿ ಕೊಂಡದ್ದು. ಅಪ್ಪ ಹೋದಮೇಲೆ ಆರು ವರ್ಷ ಅಟ್ಟದ ಮೇಲಿತ್ತು. ಹೋದ ತಿಂಗಳು ಇಳಿಸಿದೆ. ತಿರುಗುತ್ತಿತ್ತು, ಆದರೆ ಹಾಡಿನ ಹಿಂದೆ ಗುರ್ ಅಂತ ಸದ್ದು. ಇದರಲ್ಲಿ ಬೆಲ್ಟ್ ಇಲ್ಲ, ಮೋಟಾರಿಗೂ ತಟ್ಟೆಗೂ ನಡುವೆ ಒಂದು ರಬ್ಬರ್ ಚಕ್ರ ಇರುತ್ತದೆ. ನಮ್ಮೂರ ಬಿಸಿಲಿಗೆ ಆ ರಬ್ಬರ್ ಗಟ್ಟಿಯಾಗದೇ ಇರುತ್ತಾ? ಅದನ್ನು ಒರೆಸಿ, ಮೋಟಾರಿಗೆ ಎರಡು ಹನಿ ಎಣ್ಣೆ ಬಿಡಬೇಕಿತ್ತು. ಮೊದಲು ಮಾಡಬೇಕಾದ್ದು ಅದು. ಈಗ ಗೊತ್ತಾಗಿದೆ.

ಅದು ಬಿಟ್ಟು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಏನಂದ ಗೊತ್ತಾ? “ಬರೇ ರಿಪೇರಿ ಯಾಕ್ರಿ ಮೇಡಂ, ಮಾಡಿಫೈ ಮಾಡಿ ಕೊಡ್ತೀನಿ. ವೈರಿಂಗ್ ಹೊಸಾದು, ಮುಳ್ಳು ಜಪಾನಿಂದು. ಸೌಂಡ್ ಕೇಳಿ ನೀವೇ ಫೋನ್ ಮಾಡ್ತೀರಿ ನೋಡ್ರಿ.” 6,500 ರೂಪಾಯಿ. ಪೂರ್ತಿ ಮುಂಗಡ ಕೊಟ್ಟೆ. ಬಿಳಿ ಚೀಟಿಯ ಮೇಲೆ ‘ಸರ್ವಿಸ್’ ಅಂತ ಒಂದೇ ಪದ ಬರೆದುಕೊಟ್ಟ.

ವಾಪಸ್ ತರಲು ಹೋದಾಗ ಅಂಗಡಿಯಲ್ಲೇ ಹಾಕಿ ಕೇಳಿಸಿದ. ಅಬ್ಬಾ, ಎಷ್ಟು ಜೋರು! ಮೊದಲಿಗಿಂತ ಎಷ್ಟೋ ಜೋರು. “ಹೆಂಗೈತ್ರಿ?” ಅಂದ. ಬಾಳ ಚೆನ್ನಾಗಿದೆ ಅಂದೆ. ಅಲ್ಲೇ ನಾನು ಮೋಸ ಹೋದದ್ದು. ಜೋರು ಬಂದರೆ ಚೆನ್ನಾಗಿದೆ ಅಂದುಕೊಂಡೆ. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ತೀನ್ ಕಂದೀಲ್ ಹತ್ತಿರ ಗುಂಡಿ ಬಂದಾಗೆಲ್ಲ “ಸಾವಕಾಶ ರೀ” ಅನ್ನುತ್ತ ಮನೆಗೆ ತಂದೆ. ಅಣ್ಣನಿಗೆ ವಿಡಿಯೊ ಕಳಿಸಿದೆ. ನೀನೂ ನಿನ್ನ ಪ್ಲೇಯರ್ ಇಲ್ಲೇ ಕೊಡು ಅಂತ ಬೇರೆ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ರಾತ್ರಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ಅಪ್ಪ ಕವರಿನ ಮೂಲೆಯಲ್ಲಿ ಪೆನ್ನಿನಿಂದ ತಾರೀಖು ಬರೆದಿಟ್ಟ ರೆಕಾರ್ಡ್ ಅದು. ಒಂದು ಬದಿ ಮುಗಿಯಿತು. ಮುಳ್ಳಿನ ಸುತ್ತ ಕಪ್ಪು ಪುಡಿ, ಪೆನ್ಸಿಲ್ ಚೂಪು ಮಾಡಿದಾಗ ಉದುರುತ್ತದಲ್ಲ, ಹಾಗೆ. ಟೋನ್‌ಆರ್ಮ್, ಅಂದರೆ ಮುಳ್ಳು ಹಿಡಿದಿರುವ ಕೈ, ಎತ್ತಿ ನೋಡಿದೆ. ಅದರ ತುದಿಗೆ ಕಪ್ಪು ಟೇಪು ಸುತ್ತಿದ್ದ. ಬಿಚ್ಚಿದರೆ ಒಂದು ರೂಪಾಯಿ ನಾಣ್ಯ.

ನಾಣ್ಯ!

ಅದರ ಕೆಳಗೆ ಗೋಂದು ಹಾಕಿ ಅಂಟಿಸಿದ ಕೆಂಪು ಮುಳ್ಳಿನ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳಿನ ಅದುರಾಟವನ್ನು ಕರೆಂಟಾಗಿ ಬದಲಿಸುವ ಸಣ್ಣ ಭಾಗ). ಅಗ್ಗದ ಸೂಟ್‌ಕೇಸ್ ಪ್ಲೇಯರ್‌ಗಳಲ್ಲಿ ಬರುತ್ತಲ್ಲ, ಅದೇ. ಅಪ್ಪನ ಶ್ಯೂರ್ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಮಾಯ. ಮ್ಯಾಗ್ನೆಟಿಕ್‌ನಿಂದ ನಾಲ್ಕೈದು ಮಿಲಿವೋಲ್ಟ್ ಬರುತ್ತದೆ, ಸೆರಾಮಿಕ್‌ನಿಂದ ನೂರಾರು. ಜೋರು ಬಂದದ್ದು ಅದಕ್ಕೇ. ಟ್ಯೂನಿಂಗೂ ಇಲ್ಲ, ಮಣ್ಣೂ ಇಲ್ಲ. ಪರಿಚಯದ ಅಕ್ಕಸಾಲಿಗರಿಂದ ಸಣ್ಣ ತಕ್ಕಡಿ ತಂದು ಮುಳ್ಳು ಇಳಿಸಿದೆ. 6.8 ಗ್ರಾಂ! ಹಳೇ ಮ್ಯಾಗ್ನೆಟಿಕ್‌ಗೆ 3 ಗ್ರಾಂ ಅಂದರೇ ಜಾಸ್ತಿ. ಇಷ್ಟು ಭಾರ ಹಾಕಿದರೆ ರೆಕಾರ್ಡಿನ ಗೆರೆ ಕೆತ್ತಿ ಹೋಗುತ್ತದೆ. ಹೋದದ್ದು ಮತ್ತೆ ಬರಲ್ಲ. ಮನ್ಸೂರರ ದನಿಯ ಹಿಂದೆ ಈಗ ಸರ್ ಅನ್ನುವ ಸದ್ದು ಕೂತುಬಿಟ್ಟಿದೆ.

ಫೋನ್ ಮಾಡಿದೆ. “ನಾಣ್ಯ ಬ್ಯಾಲೆನ್ಸಿಗೆ ರೀ, ಎಲ್ಲಾರೂ ಹಾಕ್ತಾರ.” ಹಳೇ ಕಾರ್ಟ್ರಿಜ್ ಎಲ್ಲಿ? “ಅದರಾಗ ಇರ್ಲೇ ಇಲ್ಲಲ್ರಿ.” ಇತ್ತು, ಕೊಡುವ ಮುಂಚೆ ತೆಗೆದ ಫೋಟೊ ಕಳಿಸಿದೆ. ಆಮೇಲೆ ಮಾತೇ ಬದಲು: “ಅದು ಸುಟ್ಟು ಹೋಗಿತ್ತು, ಒಗದೀವ್ರಿ. ಮೇಡಂ, ಇದೆಲ್ಲಾ ನಿಮಗ ತಿಳಿಯಂಗಿಲ್ಲ. ಮನ್ಯಾಗ ಗಂಡಸ್ರು ಇದ್ರ ಫೋನ್ ಕೊಡ್ರಿ.” ಈ ಮಾತು ನಾನು ಮರೆಯಲ್ಲ. ಮೊದಲು ಇರಲಿಲ್ಲವಂತೆ, ಆಮೇಲೆ ಸುಟ್ಟಿತ್ತಂತೆ!

ಕೊಡುವ ಮುಂಚೆ ಟೋನ್‌ಆರ್ಮಿನ ತುದಿ, ಕಾರ್ಟ್ರಿಜ್ ಮೇಲಿನ ಅಕ್ಷರ, ಎಲ್ಲದರ ಫೋಟೊ ತೆಗೆಯಿರಿ. ತೆಗೆದ ಹಳೇ ಸಾಮಾನು ವಾಪಸ್ ಬೇಕು ಅಂತ ಚೀಟಿಯಲ್ಲೇ ಬರೆಸಿ. ಪೂರ್ತಿ ಮುಂಗಡ ಕೊಡಲೇಬೇಡಿ. ತಂದ ದಿನ ಒಳ್ಳೇ ರೆಕಾರ್ಡ್ ಹಾಕಬೇಡಿ, ಹಾಳಾದರೂ ಬೇಜಾರಿಲ್ಲದ್ದು ಹಾಕಿ.

ಶ್ಯೂರ್ ಕಂಪನಿ 2018ರಲ್ಲೇ ಕಾರ್ಟ್ರಿಜ್ ಮಾಡುವುದು ನಿಲ್ಲಿಸಿದೆ. ಅಂಥದ್ದು ನಾನೀಗ ಎಲ್ಲಿಂದ ತರಲಿ? ದುಡ್ಡು ನೀವೇ ಇಟ್ಟುಕೊಳ್ಳಿ, ಅಪ್ಪನ ಕಾರ್ಟ್ರಿಜ್ ಸುಟ್ಟಿದ್ದರೂ ಸರಿ ವಾಪಸ್ ಕೊಡಿ ಅಂತ ಮೊನ್ನೆ ಮೆಸೇಜ್ ಹಾಕಿದೆ. ನೋಡಿದ್ದಾನೆ, ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ.