ಆರ್ಕೆಸ್ಟ್ರಾದವರಿಗೆ ಬಾಡಿಗೆ ಟ್ರಾವೆಲರ್: ಐದಕ್ಕೆ ಮೂರೂವರೆ ಅಂಕ

ಟ್ರಾವೆಲರ್ ಗಾಡಿ ಬಾಡಿಗೆ ಕೊಡುವವರಿಗೆ ಗಿರಾಕಿ ಅಂದರೆ ಮದುವೆ ದಿಬ್ಬಣದವರು, ಇಲ್ಲವೇ ಧರ್ಮಸ್ಥಳ, ಗೋಕರ್ಣ ಅಂತ ಹೊರಟವರು. ಎಷ್ಟು ಜನ, ಎಸಿ ಬೇಕಾ, ಟಿವಿ ಬೇಕಾ ಅಂತ ಕೇಳುತ್ತಾರೆ. ಆರ್ಕೆಸ್ಟ್ರಾದವರ ಕಷ್ಟ ಬೇರೆ. ಆರೇಳು ಜನ ನಾವು ಹೇಗಾದರೂ ಕೂರುತ್ತೇವೆ. ಕೀಬೋರ್ಡು ಎಲ್ಲಿ ಮಲಗಬೇಕು? ಈ ಸೀಸನ್ನಿನಲ್ಲಿ ಶಿರಸಿಯ ಒಂದು ಟ್ರಾವೆಲ್ಸಿನಿಂದ ಗಾಡಿ ಮಾಡಿಕೊಂಡು ಹೊನ್ನಾವರದಿಂದ ಕಾರವಾರದ ತನಕ ಕಾರ್ಯಕ್ರಮ ಕೊಟ್ಟು ಬಂದೆವು. ನಾನು ಗಿಟಾರ್ ನುಡಿಸುವವನು, ಹಾಗಾಗಿ ಇಲ್ಲಿ ಸೀಟಿಗಿಂತ ಪೆಟ್ಟಿಗೆಯ ಮಾತೇ ಜಾಸ್ತಿ. ಟ್ರಾವೆಲ್ಸಿನ ಹೆಸರು ಹಾಕುತ್ತಿಲ್ಲ. ತಕರಾರು ಮಾತಾಡಿ ಮುಗಿದಿದೆ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಹಿಂದಿನ ಸಾಲಿನ ಸೀಟು ಬಿಚ್ಚಿಸಿ ಕಳಿಸುತ್ತೇವೆ ಅಂದಿದ್ದರು. ಬೆಳಿಗ್ಗೆ ಗಾಡಿ ಬಂದಾಗ ಸೀಟು ಹಾಗೇ ಇತ್ತು, ಮೇಲೆ ಹೊಸ ಕವರ್ ಬೇರೆ. ಫೋನ್ ಮಾಡಿದರೆ "ಕ್ಯಾರಿಯರ್ ಇದೆಯಲ್ಲ, ಮೇಲೆ ಹಾಕ್ಕೊಳ್ಳಿ" ಅಂತ ಉತ್ತರ. ಅಡಿಕೆ ಮೂಟೆಯಾದರೆ ಹಾಕಬಹುದಿತ್ತು. ಬಿಸಿಲಲ್ಲಿ ಕಾದ ಪೆಟ್ಟಿಗೆಯೊಳಗೆ ಗಿಟಾರಿನ ಅಂಟು ಮೆತ್ತಗಾಗಿ ತಂತಿ ಹಿಡಿಯುವ ಬ್ರಿಜ್ ಏಳುತ್ತದೆ, ರಾತ್ರಿ ಇಬ್ಬನಿ ಬಿದ್ದರೆ ಮರ ಉಬ್ಬುತ್ತದೆ. ಇದನ್ನೆಲ್ಲ ಫೋನಿನಲ್ಲಿ ವಿವರಿಸಿದರೆ ಕೇಳುವವರು ಯಾರು?

ಮಾನ ಉಳಿಸಿದ್ದು ಡ್ರೈವರ್. ಕುಮಟಾ ಕಡೆಯವರು, ಐವತ್ತು ದಾಟಿದೆ. ಮೊದಲು ಯಕ್ಷಗಾನ ಮೇಳದ ಗಾಡಿ ಓಡಿಸುತ್ತಿದ್ದರಂತೆ. ನಮ್ಮ ಜಗಳ ಮುಗಿಯುವ ತನಕ ಬೀಡಿ ಸೇದುತ್ತಾ ನಿಂತಿದ್ದು, ಆಮೇಲೆ ಸ್ಪ್ಯಾನರ್ ತೆಗೆದು "ತಮಾ, ಆ ಬದಿ ಹಿಡಿ" ಅಂದರು. ಅರ್ಧ ಗಂಟೆಯಲ್ಲಿ ಸೀಟು ನಮ್ಮ ಢೋಲಕ್ಕಿನವನ ಮನೆ ಜಗಲಿಯಲ್ಲಿತ್ತು. ಕೀಬೋರ್ಡನ್ನು ನಡುವಿನ ಓಣಿಯಲ್ಲಿ ಕಂಬಳಿ ಹಾಸಿ ಉದ್ದಕ್ಕೆ ಮಲಗಿಸಿದರು. ಸ್ಟ್ಯಾಂಡು, ಕೇಬಲ್ ಪೆಟ್ಟಿಗೆ, ಆಕ್ಟೋಪ್ಯಾಡ್ (ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ಡ್ರಮ್) ಹಿಂದೆ ನೆಲದ ಮೇಲೆ. ಢೋಲಕ್ ಎಲ್ಲಕ್ಕಿಂತ ಮೇಲೆ, ಚರ್ಮಕ್ಕೆ ಯಾವುದೂ ತಾಗದ ಹಾಗೆ. ನನ್ನ ಗಿಟಾರ್ ಪೆಟ್ಟಿಗೆಯನ್ನು ಸೀಟಿನ ಬೆನ್ನಿಗೆ ನಿಲ್ಲಿಸಿ ಹಳೆ ಲುಂಗಿಯಿಂದ ಬಿಗಿದರು. ಹಗ್ಗ ಉಜ್ಜುತ್ತದಂತೆ, ರಬ್ಬರ್ ಬೆಲ್ಟು ಬಿಸಿಲಿಗೆ ಅಂಟುತ್ತದಂತೆ. ಮದ್ದಲೆ ಸಾಗಿಸಿದ ಕೈ, ಸುಮ್ನೆ ಅಲ್ಲ. ದೇವಿಮನೆ ಘಟ್ಟದ ತಿರುವಿನಲ್ಲಿ ಗಾಯಕಿ ಅಕ್ಕ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದರು, ನನ್ನ ಪೆಟ್ಟಿಗೆ ಮಾತ್ರ ಅಲ್ಲಾಡಲಿಲ್ಲ.

ಎಸಿ ಬಲು ಜೋರು, ಕಷ್ಟ ಆದದ್ದೂ ಅದರಿಂದಲೇ. ಕಾರವಾರದಲ್ಲಿ ಟ್ಯಾಗೋರ್ ಕಡಲತೀರದ ಹತ್ತಿರ ವೇದಿಕೆ ಅಂದರೆ ಸಮುದ್ರ ಪಕ್ಕದಲ್ಲೇ. ತಣ್ಣಗಿನ ಗಾಡಿಯಿಂದ ಇಳಿಸಿದ ಗಿಟಾರನ್ನು ಆ ಹಸಿ ಗಾಳಿಯಲ್ಲಿ ತಕ್ಷಣ ಬಿಚ್ಚಿದರೆ ತಂತಿಯ ಮೇಲೆ ನೀರು ಕೂರುತ್ತದೆ. ಶ್ರುತಿ ಮಾಡಿಟ್ಟರೂ ತಂತಿ ಬೆಚ್ಚಗಾದಂತೆ ಸಡಿಲಾಗಿ ಇಳಿಯುತ್ತಲೇ ಹೋಗುತ್ತದೆ. ಉಪ್ಪುಗಾಳಿ, ಕೈ ಬೆವರು ಸೇರಿದರೆ ತೆಳು ತಂತಿಗಳಿಗೆ ಬೇಗ ತುಕ್ಕು, ದಪ್ಪ ತಂತಿಗಳ ದನಿ ಮಂಕು. ಶಿರಸಿಯಲ್ಲಿ ವಾರಗಟ್ಟಲೆ ಬಾಳುವ ಸೆಟ್ಟು ಇಲ್ಲಿ ಎರಡು ಮೂರು ಕಾರ್ಯಕ್ರಮಕ್ಕೆ ಸತ್ತುಹೋಗುತ್ತದೆ. ಲಾಡ್ಜಿನ ಮಂಚದ ಮೇಲೆ ಕೂತು ತಂತಿ ಬದಲಿಸುವುದೇ ನನ್ನ ಮಧ್ಯಾಹ್ನದ ಕೆಲಸವಾಗಿತ್ತು. ಕಡೆಗೆ ಊರು ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ತೆಗೆಯುವುದು, ಇಳಿಸಿದ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಮುಚ್ಚಿಯೇ ಇಡುವುದು ಅಂತ ಮಾಡಿಕೊಂಡೆವು. ಗಾಯಕಿ ಅಕ್ಕನ ಗಂಟಲಿಗೂ ಅದೇ ಒಳ್ಳೆಯದಾಯಿತು.

ಗಂಟಲು ಅಂದಮೇಲೆ, ನಮ್ಮ ಅರ್ಧ ತಾಲೀಮು ಗಾಡಿಯಲ್ಲೇ ನಡೆಯುತ್ತದೆ. "ಕಪ್ಪು ಎರಡು ಬೇಡ, ಬಿಳಿ ಎರಡಕ್ಕೆ ಇಳಿಸಿ" ಅಂತ ಅಂಕೋಲಾ ಹತ್ತಿರ ಬಂದಾಗ ಅಕ್ಕ ಹೇಳುತ್ತಾರೆ. ಅಂದರೆ ಹಾಡಿನ ಶ್ರುತಿ ಡಿ ಶಾರ್ಪಿನಿಂದ ಅರ್ಧ ಸ್ವರ ಕೆಳಗೆ, ಡಿಗೆ. ಕೀಬೋರ್ಡಿನವನಿಗೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ನನಗೆ ಲಾಭವೇ, ಡಿ ಸ್ಕೇಲಿನಲ್ಲಿ ಬೆರಳು ಒತ್ತದೆ ನುಡಿಸುವ ಖಾಲಿ ತಂತಿಗಳು ಕೈಗೆ ಸಿಗುತ್ತವೆ. ಆದರೆ ಬೆರಳು ಹಳೆ ಜಾಗಕ್ಕೇ ಓಡುತ್ತದಲ್ಲ, ಅದನ್ನು ಪಳಗಿಸಬೇಕು. ಢೋಲಕ್ಕಿನವ ಮುಂದಿನ ಸೀಟಿನ ಬೆನ್ನು ಬಡಿಯುತ್ತಾನೆ, ನಾನು ಮಡಿಲಲ್ಲಿ ಗಿಟಾರ್ ಇಟ್ಟುಕೊಂಡು ಆಂಪ್ ಇಲ್ಲದೆ ನುಡಿಸುತ್ತೇನೆ. ಗಾಡಿಯೊಳಗೆ ಸದ್ದು ಕಡಿಮೆ, ಎಂಜಿನ್ ಕೂಡ ಜಾಸ್ತಿ ಕೂಗುವುದಿಲ್ಲ. ಇದಕ್ಕೆ ಒಂದು ಅಂಕ ಹೆಚ್ಚೇ ಕೊಟ್ಟಿದ್ದೇನೆ. ಚಾರ್ಜಿಂಗ್ ಪಾಯಿಂಟು ಎರಡು, ಅದರಲ್ಲಿ ಒಂದು ಸತ್ತಿದೆ.

ಇನ್ನು ದುಡ್ಡು. ಇಲ್ಲೇ ವಾದ್ಯದವರು ಹುಷಾರಾಗಿರಬೇಕು. ಗಾಡಿಯವರು ಇಟ್ಟಿದ್ದು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅನ್ನುವ ಲೆಕ್ಕ. ಘಟ್ಟ ಇಳಿಯುವ ದಿನ ಪರವಾಗಿಲ್ಲ, ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರ್ ಆಸುಪಾಸು ಓಡುತ್ತದೆ. ಕೆಳಗೆ ಬಂದಮೇಲೆ ಊರಿಂದೂರಿಗೆ ಏನಿದೆ ಮಾರಾಯ್ರೆ? ಹೊನ್ನಾವರದಿಂದ ಕುಮಟಾ ಸುಮಾರು 20, ಅಂಕೋಲಾದಿಂದ ಕಾರವಾರ ಸುಮಾರು 35. ಓಡದ ಕಿಲೋಮೀಟರಿಗೆ ದುಡ್ಡು ಕೊಟ್ಟ ಹಾಗಾಗುತ್ತದೆ. ದಿನದ ಬಾಡಿಗೆ ಬೇರೆ, ಡೀಸೆಲ್ ಬೇರೆ ಅಂತ ಮೊದಲೇ ಮಾತಾಡಿಕೊಳ್ಳಿ. ನಾವು ಎರಡನೇ ದಿನ ಓನರ್ ಜೊತೆ ಕೂಗಾಡಿ ಹಾಗೆ ಬದಲಿಸಿಕೊಂಡೆವು. ಹೊಳೆಗದ್ದೆ, ಹಟ್ಟಿಕೇರಿ ಟೋಲು ನಮ್ಮದೇ ಖರ್ಚು, ಅದು ಸರಿ.

ರಾತ್ರಿ ಬಾಟಾ, ಅಂದರೆ ಡ್ರೈವರಿನ ರಾತ್ರಿ ಭತ್ಯೆ, ಮಾತ್ರ ತಪ್ಪಿಸಲಿಕ್ಕೆ ಆಗುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ಕ್ಕೆ ಮೈಕ್ ಬಂದ್, ವಿಶೇಷ ಅನುಮತಿ ಇದ್ದರೆ 12ರ ತನಕ. ಗಾಡಿಯವರ ಗಡಿಯಾರದಲ್ಲೂ ರಾತ್ರಿ ಶುರುವಾಗುವುದು 10ಕ್ಕೇ. ನಾವು ವೈರ್ ಸುತ್ತಿ, ಸೌಂಡಿನವರ ಜೊತೆ ನಮ್ಮ ಕೇಬಲ್ ಯಾವುದು ನಿಮ್ಮದು ಯಾವುದು ಅಂತ ವಾದ ಮಾಡಿ, ಊಟಕ್ಕೆ ಕೂರುವಾಗ ಹನ್ನೊಂದೂವರೆ. ಆ ಹೊತ್ತಿಗೂ ಬಿಸಿ ಅನ್ನ, ಹುರಿದ ಬಂಗಡೆ ಸಿಗುವ ಜಾಗ ಡ್ರೈವರಿಗೆ ಗೊತ್ತಿತ್ತು. ಬಾಟಾ ಕೊಡುವಾಗ ಹೊಟ್ಟೆ ಉರಿಯಲಿಲ್ಲ.

ಕಾರವಾರದಿಂದ ಹೊಳೆಯಾಚೆ ಇರುವ ಸದಾಶಿವಗಡದ ಕಾರ್ಯಕ್ರಮದ ದಿನ ಡ್ರೈವರೇ ಒತ್ತಾಯ ಮಾಡಿ ಒಂದು ಗಂಟೆ ಮುಂಚೆ ಹೊರಡಿಸಿದರು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಹೋಗುವವರಿಗೂ ಬರುವವರಿಗೂ ಹೊಸ ಸೇತುವೆಯೊಂದೇ ಆಯಿತಲ್ಲ, ಸಂಜೆ ನಂಬಿಕೊಂಡು ಹೋಗಬೇಡಿ ಅಂದರು. ನಿಜ, ನಿಂತು ನಿಂತು ದಾಟಿದೆವು. ಆದರೂ ಸೌಂಡ್ ಚೆಕ್ಕಿಗೆ ಹೊತ್ತು ಸಿಕ್ಕಿತು. ಜನರೇಟರಿನ ಅರ್ಥಿಂಗ್ ಸರಿಯಿಲ್ಲದೆ ನನ್ನ ಗಿಟಾರಿನಲ್ಲಿ ಗುಂಯ್ ಅನ್ನುತ್ತಿದ್ದದ್ದನ್ನು ಜನ ಬರುವ ಮೊದಲೇ ನಿಲ್ಲಿಸಲಿಕ್ಕಾಯಿತು.

ಬುಕ್ ಮಾಡುವುದಾದರೆ ಸೀಟು ಬಿಚ್ಚುವ ಮಾತನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮೇಳದ ಗಾಡಿ ಓಡಿಸಿದ ಡ್ರೈವರ್ ಇದ್ದರೆ ಅವರನ್ನೇ ಕೊಡಿ ಅಂತ ಕೇಳಿ. ಮದುವೆ ಸೀಸನ್ನಾದರೆ ತಿಂಗಳ ಮೊದಲೇ ಹೇಳಿಡಬೇಕು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ದಿನಗಳಲ್ಲಿ ಗಾಡಿ ಕೇಳಲೇಬೇಡಿ.